ದೊಡ್ಡಪ್ಪನ ದಪ್ಪಕ್ಷರ, ಪತ್ತೇದಾರನ ಒಂದು

ಗೋಡೆಯ ದೊಡ್ಡ ಪರದೆಯ ನಟ್ಟನಡುವೆ, ಕರೆಯದೇ ಬಂದ ನೆಂಟನ ಹಾಗೆ, ಒಂದು ಬಿಳಿ ಪೆಟ್ಟಿಗೆ ಬಂದು ಕೂತಿತು.

ಅದರೊಳಗೆ ಇದ್ದದ್ದು ಒಂದೇ ಅಂಕಿ... 1.

ಆಸ್ಪತ್ರೆಯ ಎಲ್ಲ ಮಹಡಿಗಳ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚು, ರೂಟರುಗಳು ಹಸಿರು ಚೌಕಗಳಾಗಿ ಮಿನುಗುವ ಪರದೆ ಅದು. ಯಾವುದಾದರೂ ಚೌಕ ಕೆಂಪಾದರೆ, ಎಲ್ಲೋ ಒಂದು ವಾರ್ಡಿನ ಕಂಪ್ಯೂಟರುಗಳು ಮಾತು ಬಿಟ್ಟಿವೆ ಎಂದರ್ಥ. ಕೆಂಪು ಎಲ್ಲರಿಗೂ ಗೊತ್ತಿತ್ತು. ಈ ‘1’ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮೌಸ್ ಹಿಡಿದು ಕೂತಿದ್ದ ದೊಡ್ಡಪ್ಪ ಎರಡೂ ಕೈ ಮೇಲೆತ್ತಿಬಿಟ್ಟರು. ತಾವು ಐದನೇ ಮಹಡಿಯ ಸ್ವಿಚ್ಚಿನ ಪುಟ ತೆಗೆದದ್ದಷ್ಟೇ, ಬೇರೇನೂ ಮುಟ್ಟಿಲ್ಲ ಎಂದು ಯಾರೂ ಕೇಳುವ ಮೊದಲೇ ಸಾಕ್ಷಿ ನುಡಿದರು. ಕೆಟ್ಟ ಗಳಿಗೆ ಹೇಳಿ ಮಾಡಿಸಿದಂತೆ ಬರುತ್ತದೆ ನೋಡಿ, ಅದೇ ಹೊತ್ತಿಗೆ ಮ್ಯಾನೇಜರ್ ಸಾಹೇಬರು ಕಣ್ಣಿನ ವಿಭಾಗದ ಡಾಕ್ಟರಮ್ಮನಿಗೆ ಕೋಣೆ ತೋರಿಸುತ್ತ ಬಾಗಿಲಲ್ಲೇ ನಿಂತಿದ್ದರು.

ಪಕ್ಕದ ಮೇಜಿನಿಂದ ದೊಡ್ಡಪ್ಪನ ಸಾಕುಮಗಳು ಚಹಾ ಕಪ್ ಹಿಡಿದೇ ಎದ್ದು ಬಂದಳು. ಆ ಪರದೆಯ ಹಿಂದಿನ ಪ್ರತಿ ಸಾಲೂ ಅವಳು ಬರೆದದ್ದು. ಹೆತ್ತ ಮಗುವಿನ ಮುಖಕ್ಕೆ ಯಾರೋ ಮಸಿ ಬಳಿದಂತೆ ಅವಳಿಗೆ ಸಂಕಟವಾಯಿತು.

“ಯಾರು ಮಾಡಿದ್ದು ಇದನ್ನ?”

ಮೂಲೆಯ ಕುರ್ಚಿಯಲ್ಲಿ, ಕೊರಳಿಗೆ ಸಂದರ್ಶಕರ ಚೀಟಿ ತೂಗುಹಾಕಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ ಅಪರಿಚಿತನೊಬ್ಬ ಶಾಲೆಯ ಹುಡುಗನಂತೆ ಕೈ ಎತ್ತಿದ.

“ನಾನೇ... ಕ್ಷಮಿಸಿ. ಇಷ್ಟು ಬೇಗ ಈ ಪುಟ ಯಾರಾದ್ರೂ ತೆಗೀತಾರೆ ಅಂದ್ಕೊಂಡಿರಲಿಲ್ಲ.”

ಅವನ ಕಣ್ಣುಗಳು ಅವಳ ಕಣ್ಣುಗಳನ್ನು ಸಂಧಿಸಿದವು. ಕೋಪದಲ್ಲಿಯೂ ಅವಳಿಗೆ ಒಂದು ವಿಷಯ ಕಾಣದೆ ಇರಲಿಲ್ಲ. ಮಾಡಿದ್ದನ್ನು ಮಾಡಿದೆ ಎನ್ನುವಾಗ ಆ ಕಣ್ಣುಗಳು ಅತ್ತಿತ್ತ ಓಡಲಿಲ್ಲ.

ಮ್ಯಾನೇಜರ್ ಸಾಹೇಬರೇ ಅವನನ್ನು ಕರೆಸಿದ್ದಂತೆ. ಸಾಫ್ಟ್‌ವೇರಿನಲ್ಲಿ ಕಳ್ಳರು ನುಗ್ಗುವ ಕಿಂಡಿಗಳೇನಾದರೂ ಇವೆಯೇ ಎಂದು ಹುಡುಕಿ ಹೇಳುವುದೇ ಅವನ ಕೆಲಸ. ಇದೇನಪ್ಪಾ ಒಂದು ಎಂದು ಅವರು ಕೇಳಿದಾಗ ಅವನು ತಾಳ್ಮೆಯಿಂದ ವಿವರಿಸಿದ. ಪ್ರತಿ ಸ್ವಿಚ್ಚಿನ ಪುಟದಲ್ಲೂ ಪಾಳಿಯವರು ಟಿಪ್ಪಣಿ ಬರೆಯಲು ಒಂದು ಜಾಗ ಇದೆಯಲ್ಲ, ಅಲ್ಲಿ ಬರೀ ಮಾತು ಹಿಡಿಸಬೇಕು. ಆದರೆ ಅದು ಆಜ್ಞೆಗಳನ್ನೂ ನುಂಗುತ್ತಿದೆ.

“ಹಾಕಿದವನಿಗೆ ಏನೂ ಆಗಲ್ಲ ಸರ್, ಅವನು ಹಾಕಿ ಹೋಗಿರ್ತಾನೆ. ಅದು ಅಲ್ಲೇ ಉಳ್ಕೊಳ್ಳುತ್ತೆ. ಆಮೇಲೆ ಯಾರು ಪುಟ ತೆಗೀತಾರೋ ಅವರ ಹೆಸರಲ್ಲಿ, ಅವರ ಅಧಿಕಾರದಲ್ಲಿ ಓಡುತ್ತೆ. ನಾನು ಸುಮ್ಮನೆ ಒಂದು ಅಂತ ತೋರ್ಸಿದೆ. ಕೆಟ್ಟವನಾಗಿದ್ರೆ, ಐಸಿಯು ಲೈನ್ ಬಂದ್ ಮಾಡು ಅಂತ ಬರೀತಿದ್ದ.”

ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಇನ್ನೂ ಒಂದು ಮಾತು ಸೇರಿಸಿದ.

“ಈ ಜಾಗ ಹೀಗೆ ತೆರೆದಿಟ್ಟವರು ಒಂದೋ ಕೆಲಸ ಗೊತ್ತಿಲ್ಲದವರು, ಇಲ್ಲಾ ಬೇಕಂತಲೇ ಬಿಟ್ಟವರು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಅವಳ ಕೈ ತಾನಾಗಿಯೇ ದುಪಟ್ಟಾ ಸರಿಪಡಿಸಿಕೊಂಡಿತು.

ಏಕೆಂದರೆ... ಅವಳು ಅದನ್ನು ಬೇಕಂತಲೇ ಬಿಟ್ಟಿದ್ದಳು.

ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದವರು ದೊಡ್ಡಪ್ಪ, ದೊಡ್ಡಮ್ಮ. ಅವಳಿಗಿಂತ ಮೊದಲೇ ದೊಡ್ಡಪ್ಪ ಈ ಕೋಣೆಯಲ್ಲಿ ಹಗಲು ಪಾಳಿಗೆ ಇದ್ದರು. ಈಗ ಅವರು ಅವಳಿಗೊಬ್ಬಳಿಗಲ್ಲ, ಕೋಣೆಗೆಲ್ಲ ದೊಡ್ಡಪ್ಪ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ಅವರ ಕಣ್ಣು ಮಂಜಾಗತೊಡಗಿತು. ಅವರ ಅಪ್ಪನಿಗೂ ಹೀಗೇ ಶುರುವಾಗಿ ಕಡೆಗೆ ಕತ್ತಲೆಯಾಗಿತ್ತಂತೆ. ಮನೆತನದ ಶಾಪ, ಇದಕ್ಕೆ ಮದ್ದಿಲ್ಲ ಎಂದು ಅವರು ತಾವೇ ತೀರ್ಪು ಕೊಟ್ಟುಕೊಂಡುಬಿಟ್ಟಿದ್ದರು. ಪರದೆ ಕಾಯುವವನಿಗೆ ಪರದೆ ಕಾಣುವುದಿಲ್ಲ ಎಂದು ಗೊತ್ತಾದರೆ ಕುರ್ಚಿ ಉಳಿಯುತ್ತದೆಯೇ?

ಒಂದು ಸಂಜೆ ಮನೆಯಲ್ಲಿ, ದೊಡ್ಡಮ್ಮನಿಗೂ ಕೇಳಿಸದಂತೆ, ಅವರು ಅವಳ ಮುಂದೆ ಬಾಯಿ ಬಿಟ್ಟಿದ್ದರು. “ಮನೇಲಿ ಸುಮ್ನೆ ಕೂತ್ರೆ ನಾನು ಉಳಿಯಲ್ಲ ಪುಟ್ಟೀ. ಏನಾದ್ರೂ ಮಾಡು.”

ಅವಳು ಮಾಡಿದಳು. ಟಿಪ್ಪಣಿಯ ಜಾಗದಲ್ಲಿ ಆಜ್ಞೆಗಳನ್ನು ತಡೆಯುತ್ತಿದ್ದ ಕಾವಲು ತೆಗೆದಳು. ‘<’, ‘>’ ಎಂಬ ಎರಡು ಮೂತಿ ಚಿಹ್ನೆಗಳ ನಡುವೆ ಒಂದು ಪದ ಸೇರಿಸಿದರೆ ಅಕ್ಷರ ದಪ್ಪವಾಗುತ್ತದೆ ಎಂದು ದೊಡ್ಡಪ್ಪನಿಗೆ ಕಲಿಸಿಕೊಟ್ಟಳು. ಅವರು ಅದನ್ನು ರಾತ್ರಿ ಪಾಳಿಯ ಹುಡುಗಿಗೂ, ‘ದಪ್ಪಕ್ಷರ ಇದ್ರೇನೇ ಶೋಭೆ’ ಎಂದು ಹೇಳಿ ಅಭ್ಯಾಸ ಮಾಡಿಸಿಬಿಟ್ಟರು. ದಪ್ಪವಾಗು ಎಂಬ ಆಜ್ಞೆ ನುಗ್ಗುವ ಬಾಗಿಲಲ್ಲಿ ಬೇರೆ ಯಾವ ಆಜ್ಞೆ ಬೇಕಾದರೂ ನುಗ್ಗಬಹುದು ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆಮೇಲೆ ಸರಿಮಾಡಿದರಾಯಿತು ಎಂದುಕೊಂಡಿದ್ದಳು. ಆ ‘ಆಮೇಲೆ’ ಇವತ್ತು ಪರದೆಯ ಮೇಲೆ ‘1’ ಆಗಿ ಬಂದು ಕೂತಿತ್ತು.

ಮರುದಿನ ಬೆಳಿಗ್ಗೆ ಅವನು ಅವಳ ಮೇಜಿನ ಮುಂದೆ ನಿಂತಿದ್ದ.

“ನಿನ್ನೆ ಆ ಮಾತು ಆಡಬಾರದಿತ್ತು ಮೇಡಮ್. ಬರೆದವರು ನೀವು ಅಂತ ಗೊತ್ತಿರಲಿಲ್ಲ.”

“ಗೊತ್ತಿದ್ರೆ ಆಡ್ತಿರಲಿಲ್ವಾ?”

ಅವನು ಪ್ರಾಮಾಣಿಕವಾಗಿ ಯೋಚಿಸಿದ. “ಆಡ್ತಿದ್ದೆ... ಸ್ವಲ್ಪ ಮೆತ್ತಗೆ ಆಡ್ತಿದ್ದೆ.”

ನಗಬಾರದು ಎಂದು ಅವಳು ಹಲ್ಲು ಕಚ್ಚಿ ಹಿಡಿದಳು. ತುಟಿ ಕೇಳಬೇಕಲ್ಲ!

ದೊಡ್ಡಪ್ಪ ಅವನಿಗೆ ‘ಪತ್ತೇದಾರ’ ಎಂದು ಹೆಸರಿಟ್ಟರು. ಕೋಣೆಯೆಲ್ಲ ಹಾಗೇ ಕರೆಯಿತು. ಅವಳೂ ಮೊದಮೊದಲು ಕುಟುಕಲೆಂದು ಕರೆದವಳು, ವಾರ ಕಳೆಯುವಷ್ಟರಲ್ಲಿ ಬಾಯಿಗೆ ಬೇರೆ ಹೆಸರೇ ಬರದಂತಾದಳು.

ಕೆಲಸವೇ ಅವರಿಬ್ಬರನ್ನೂ ಅಕ್ಕಪಕ್ಕ ಕೂರಿಸಿತು. ಅವನು ಪುಟ ಪುಟವಾಗಿ ಪರೀಕ್ಷೆ ಮಾಡುತ್ತ ಹೋದ. ಇದು ಯಾಕೆ ಹೀಗಿದೆ ಎಂದು ಕೇಳುವನು, ಅವಳು ಹೇಳುವಳು. ಚೆನ್ನಾಗಿ ಬರೆದದ್ದನ್ನು ಕಂಡಾಗ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವನು. ಇಷ್ಟು ವರ್ಷದಲ್ಲಿ ಅವಳ ಬರವಣಿಗೆಯನ್ನು ಸಾಲು ಸಾಲಾಗಿ ಓದಿದವರು ಯಾರೂ ಇರಲಿಲ್ಲ. ಪರದೆ ಹಸಿರಾಗಿದ್ದರೆ ಸಾಕು ಎಲ್ಲರಿಗೂ. ಇವನೊಬ್ಬ ಹಸಿರಿನ ಹಿಂದೆ ಇಣುಕಿ ನೋಡುತ್ತಿದ್ದ... ಅವಳಿಗೆ ಹೆದರಿಕೆಯೂ ಆಯಿತು, ಹಿತವೂ ಆಯಿತು.

ದಿನಾ ಸಂಜೆ ಹೊರಡುವ ಮುಂಚೆ, ತಾನು ಅಲ್ಲಲ್ಲಿ ಹಾಕಿದ್ದ ‘1’ಗಳನ್ನೆಲ್ಲ ಹುಡುಕಿ ಹುಡುಕಿ ಅಳಿಸುವುದು ಅವನ ಪದ್ಧತಿ. ಅದೇನು ಮಡಿ ಎಂದು ಅವಳು ಒಮ್ಮೆ ಕೆಣಕಿದಳು. ಪರೀಕ್ಷೆಗೆ ಹಾಕಿದ್ದನ್ನು ಹೋಗುವ ಮುಂಚೆ ತೆಗೆಯಬೇಕು, ಅದೇ ಈ ವೃತ್ತಿಯ ಧರ್ಮ ಎಂದ.

“ಸರಿ, ಯಾವಾಗ್ಲೂ ಒಂದೇ ಯಾಕೆ? ನಿಮಗೆ ಬೇರೆ ಅಂಕಿ ಬರಲ್ವಾ?”

“ನಮ್ಮವರೆಲ್ಲ ಒಂದೇ ಹಾಕೋದು. ಬಾಗಿಲು ತೆರೆದಿದೆ ಅಂತ ತೋರಿಸೋಕೆ ಅಷ್ಟು ಸಾಕು. ಅದಕ್ಕಿಂತ ಜಾಸ್ತಿ ಬರೆದ್ರೆ, ಒಳಗಿದ್ದವರ ಮನೇಲಿ ಕೂತು ಆಟ ಆಡಿದ ಹಾಗೆ.”

ಮಧ್ಯಾಹ್ನವಾದರೆ ಅವನ ಫೋನ್ ಹೊಡೆದುಕೊಳ್ಳುತ್ತಿತ್ತು. ಅವನ ಅಕ್ಕ. ಊಟ ಆಯ್ತಾ ಎಂದು ಆ ಕಡೆಯಿಂದ ಪ್ರಶ್ನೆ. ಬಿಸ್ಕತ್ತಿನ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡೇ ಅವನು ‘ಹೂಂ ಅಕ್ಕ, ಈಗ ತಾನೇ’ ಎನ್ನುತ್ತಿದ್ದ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುವವನು, ಅಡುಗೆ ಮಾಡಿಕೊಳ್ಳಲು ಸೋಮಾರಿ. ಮೂರನೇ ದಿನ ಅವಳು ಮಾತಿಲ್ಲದೆ ತನ್ನ ಊಟದ ಡಬ್ಬಿಯ ಒಂದು ಅಂತಸ್ತನ್ನು ಅವನ ಕಡೆಗೆ ತಳ್ಳಿದಳು. ನಾಲ್ಕನೇ ದಿನದಿಂದ ದೊಡ್ಡಮ್ಮ ಯಾರನ್ನೂ ಕೇಳದೆ ಡಬ್ಬಿಗೆ ಇನ್ನೊಂದು ಅಂತಸ್ತು ಸೇರಿಸಿ ಕಳಿಸಿದರು. ಮನೆಗೆ ಸುದ್ದಿ ಮುಟ್ಟಿಸಿದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

“ಕೋಪ ಮೂಗಿನ ತುದೀಲೇ ಇರ್ತಿತ್ತು ನಮ್ಮ ಹುಡುಗೀಗೆ,” ಎಂದರು ದೊಡ್ಡಪ್ಪ ಪರದೆಗೆ ಹೇಳುವಂತೆ. “ಈಗ ಮೂಗೇ ಕೆಂಪಗಿರುತ್ತೆ. ಯಾಕೋ ಏನೋ.”

ಒಂದು ಸಂಜೆ ಲಿಫ್ಟು ಕೆಟ್ಟು ಇಬ್ಬರೂ ಮೆಟ್ಟಿಲಿಳಿಯುತ್ತಿದ್ದರು. ಎರಡನೇ ಮಹಡಿಯ ತಿರುವಿನಲ್ಲಿ ಅವನು ನಿಂತ.

“ನಿಮಗೆ ಹೇಳೋ ಮಾತು ಒಂದಿದೆ. ಆದ್ರೆ ಈಗ ಹೇಳಲ್ಲ... ನನ್ನ ವರದಿ ಕೊಟ್ಟಾದ ಮೇಲೆ ಹೇಳ್ತೀನಿ. ಮುಂಚೆನೇ ಹೇಳಿದ್ರೆ, ನಿಮ್ಮ ಮೇಲಿನ ಪ್ರೀತಿಗೆ ಮೆತ್ತಗೆ ಬರೆದ ಅಂತ ಜನ ಅಂದಾರು.”

ಹೇಳಿಯಾದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೇ ಹೊಳೆಯಿತು. ಕಿವಿಯವರೆಗೂ ಕೆಂಪಾಗಿ ದಡಬಡ ಇಳಿದುಹೋದ. ಅವಳು ಕಂಬಿ ಹಿಡಿದು ಅಲ್ಲೇ ನಿಂತಳು. ‘ಇವನು ಹೇಳಲ್ಲ ಅಂದಿದ್ದೇ ಇಷ್ಟಾದ್ರೆ, ಹೇಳೋದು ಎಷ್ಟಿರುತ್ತೋ ದೇವರೇ...’ ಎಂದುಕೊಂಡು ಮನೆಯವರೆಗೂ ಒಬ್ಬಳೇ ನಕ್ಕಳು.

ಆದರೆ ಆ ನಗುವಿನ ಕೆಳಗೆ ಒಂದು ಮುಳ್ಳು ಇತ್ತು. ವರದಿ!

ವರದಿಯಲ್ಲಿ ಆ ಟಿಪ್ಪಣಿ ಜಾಗದ ಕಥೆ ಬರಲೇಬೇಕು. ಯಾಕೆ ತೆರೆದಿತ್ತು ಎಂದು ಕೇಳಲೇಬೇಕು. ತನ್ನ ಪತ್ತೇದಾರ ಕೇಳುವುದನ್ನು ಮರೆಯುವವನಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಕೇಳಿಯೇಬಿಟ್ಟ. ಉಳಿದ ಅಷ್ಟೂ ಕಡೆ ಕಾವಲು ಬಿಗಿಯಾಗಿದೆ, ಈ ಒಂದು ಜಾಗದಲ್ಲಿ ಮಾತ್ರ ಹಾಕಿದ್ದ ಕಾವಲನ್ನು ಯಾರೋ ತೆಗೆದಿದ್ದಾರೆ, ಮರೆತದ್ದಲ್ಲ, ಯಾಕೆ ಎಂದ. ಅವಳು ಕಣ್ಣು ತಪ್ಪಿಸಿ, ಅವಸರದಲ್ಲಿ ಆಗಿರಬೇಕು ಎಂದಳು.

“ನೀವು ಅವಸರದಲ್ಲಿ ಕೆಲಸ ಮಾಡೋರಲ್ಲ,” ಎಂದ ಅವನು ಮೆಲ್ಲಗೆ. “ನನ್ನನ್ನ ನಂಬಿ ಹೇಳಬಹುದು.”

ಅದು ಅವಳ ಗುಟ್ಟಾಗಿದ್ದರೆ ಅವನ ಕೈಯಲ್ಲಿ ಇಟ್ಟುಬಿಡುತ್ತಿದ್ದಳು. ದೊಡ್ಡಪ್ಪನ ಗುಟ್ಟನ್ನು ಕೊಡಲು ಅವಳು ಯಾರು? ‘ಇಲ್ಲ’ ಎಂದು ತಲೆಯಾಡಿಸಿದಳು. ಅವನ ಮುಖ ಚಿಕ್ಕದಾಯಿತು. ಆ ದಿನ ಡಬ್ಬಿಯ ಅಂತಸ್ತು ಇಬ್ಬರ ನಡುವೆ ಮುಚ್ಚಿದ ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ಅವಳು ಕಂಡದ್ದು ಇಷ್ಟು. ಮ್ಯಾನೇಜರರ ಗಾಜಿನ ಕೋಣೆಯಲ್ಲಿ ಅವನು ನಿಂತಿದ್ದಾನೆ. ಏನೋ ಹೇಳುತ್ತಿದ್ದಾನೆ. ತನ್ನ ಕಣ್ಣಿನ ಕಡೆ ಕೈ ತೋರಿಸುತ್ತಿದ್ದಾನೆ. ಕಣ್ಣು! ಸಾಹೇಬರು ಬಾಗಿಲು ತೆರೆದು ದೊಡ್ಡಪ್ಪನನ್ನು ಕರೆದರು. ದೊಡ್ಡಪ್ಪ ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ, ಅವರು ಕನ್ನಡಕ ತೆಗೆದು ಕರವಸ್ತ್ರದಲ್ಲಿ ಮುಖ ಒರೆಸಿಕೊಂಡರು.

ಅವಳಿಗೆ ಇನ್ನೇನೂ ನೋಡಬೇಕಾಗಿರಲಿಲ್ಲ. ಕಂಡುಹಿಡಿದ... ಹೋಗಿ ಹೇಳಿಬಿಟ್ಟ... ಅವನಿಗೆ ವರದಿಯೇ ದೊಡ್ಡದು!

ಅವನು ಹೊರಗೆ ಬಂದಾಗ ಅವಳು ಕಾರಿಡಾರಿನಲ್ಲಿ ಕಾದಿದ್ದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲವೇನೋ.

“ಬಾಗಿಲು ಎಲ್ಲಿ ತೆರೆದಿದೆ ಅಂತ ನಿಮಗೆ ಚೆನ್ನಾಗಿ ಗೊತ್ತಾಗುತ್ತೆ. ಒಳಗೆ ಯಾರಿದ್ದಾರೆ, ಅವರಿಗೆ ಏನಾಗುತ್ತೆ ಅಂತ ಮಾತ್ರ ನೋಡಲ್ಲ ನೀವು. ಮನುಷ್ಯರ ಜೊತೆ ಇರೋಕೆ ನೀವು ಲಾಯಕ್ಕಿಲ್ಲ.”

ಅವನು ಏನೋ ಹೇಳಲು ಹೋಗಿ, ಗಾಜಿನೊಳಗೆ ಇನ್ನೂ ಕೂತಿದ್ದ ದೊಡ್ಡಪ್ಪನ ಕಡೆ ಒಮ್ಮೆ ನೋಡಿ, ಬಾಯಿ ಮುಚ್ಚಿಕೊಂಡ. ವರದಿ ಕೊಟ್ಟಿದ್ದೇನೆ, ಆ ಜಾಗ ಮುಚ್ಚಿದ ಮೇಲೆ ಕರೆಯಿರಿ, ಮರುಪರೀಕ್ಷೆಗೆ ಬರುತ್ತೇನೆ ಎಂದಷ್ಟೇ ಹೇಳಿದ. ಕೊರಳಿನ ಚೀಟಿ ತೆಗೆದು ಕಾವಲುಗಾರನ ಮೇಜಿನ ಮೇಲಿಟ್ಟು ಹೊರಟುಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಆಡಿಬಿಟ್ಟಿದ್ದಳು.

ಅವತ್ತೇ ಮಧ್ಯಾಹ್ನ ಅವಳು ಟಿಪ್ಪಣಿ ಜಾಗಕ್ಕೆ ಕಾವಲು ಹಾಕಿದಳು. ಕೆಲಸದಲ್ಲಿ ಅವಳು ಹಟ ಸಾಧಿಸುವವಳಲ್ಲ. ಇನ್ನು ಅಲ್ಲಿ ಏನು ಬರೆದರೂ ಅದು ಬರೀ ಅಕ್ಷರ, ಆಜ್ಞೆಯಲ್ಲ. ದೊಡ್ಡಪ್ಪನ ಹಳೆಯ ದಪ್ಪ ಟಿಪ್ಪಣಿಗಳೆಲ್ಲ ಬಡಕಲಾಗಿ, ಮೂತಿ ಚಿಹ್ನೆಗಳನ್ನು ಹೊರಗೆ ತೋರಿಸಿಕೊಂಡು ನಿಂತವು. ಅದನ್ನು ನೋಡಿ ಅವಳಿಗೆ ಅಳು ಬಂತು. ಆದರೆ ಮರುಪರೀಕ್ಷೆಗೆ ಕರೆಯಲು ಮಾತ್ರ ಫೋನ್ ಎತ್ತಲಿಲ್ಲ.

ದೊಡ್ಡಪ್ಪ ಆ ಸಂಜೆ ಹೆಚ್ಚೇನೂ ಹೇಳಲಿಲ್ಲ. ಸಾಹೇಬರಿಗೆ ಕಣ್ಣಿನ ವಿಷಯ ಗೊತ್ತಾಯಿತು, ನಾಳೆ ಕೆಳಗಿನ ಡಾಕ್ಟರಮ್ಮನ ಹತ್ತಿರ ಹೋಗಬೇಕಂತೆ ಎಂದರು, ಅಷ್ಟೇ. ಅವಳೂ ಕೆದಕಲಿಲ್ಲ. ಅವರ ಮುಖ ನೋಡುವ ಧೈರ್ಯವೇ ಅವಳಿಗಿರಲಿಲ್ಲ.

ಡಾಕ್ಟರಮ್ಮ ದೊಡ್ಡಪ್ಪನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಇದಕ್ಕೆ ಇಷ್ಟು ದಿನ ಯಾಕೆ ಕಾದಿರಿ ಎಂದು ಗದರಿದರಂತೆ. ಶಾಪವೂ ಇಲ್ಲ, ಮಣ್ಣೂ ಇಲ್ಲ. ಪೊರೆ! ತೆಗೆದರೆ ಹೋಗುವ ಪೊರೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎಂಬಂತೆ, ಕಣ್ಣಿನ ವಿಭಾಗದ ನೆತ್ತಿಯ ಮೇಲಿನ ಮಹಡಿಯಲ್ಲೇ ಕೂತು ಅವರು ಕಣ್ಣು ಬಚ್ಚಿಟ್ಟುಕೊಂಡಿದ್ದರು. ಆ ಸುದ್ದಿ ಕೇಳಿ ದೊಡ್ಡಮ್ಮ ಮೊದಲು ಅತ್ತರು, ಆಮೇಲೆ ಗಂಡನಿಗೂ ಅವಳಿಗೂ ಸೇರಿಸಿ ಮಂಗಳಾರತಿ ಎತ್ತಿದರು.

ಒಂದು ಕಣ್ಣಿನ ಶಸ್ತ್ರಚಿಕಿತ್ಸೆ ಮುಗಿಯಿತು. ಕಪ್ಪು ಕನ್ನಡಕ ಹಾಕಿಕೊಂಡು ಮನೆಯ ಮೊಗಸಾಲೆಯ ಕುರ್ಚಿಯಲ್ಲಿ ಕೂತಿದ್ದ ದೊಡ್ಡಪ್ಪ, ಕಣ್ಣಿಗೆ ಹನಿ ಹಾಕಲು ಬಂದ ಅವಳನ್ನು ಸುಮ್ಮನೆ ನೋಡುತ್ತ ಕೂತರು.

“ನಿನ್ನ ಮುಖದ ಮೇಲೆ ಇಷ್ಟು ಮಚ್ಚೆ ಇದ್ವಾ ಪುಟ್ಟೀ? ಇರ್ಲಿ, ಚೆನ್ನಾಗೇ ಇದೆ. ನಮ್ಮ ಪತ್ತೇದಾರ ಎಲ್ಲಿ? ಮರುಪರೀಕ್ಷೆ ಆಯ್ತಾ?”

ಅವಳು ಔಷಧಿ ಶೀಶೆಯ ಮುಚ್ಚಳ ಬಿಗಿದಳು. ಆ ಮನುಷ್ಯನ ಸುದ್ದಿ ಎತ್ತಬೇಡಿ ಎಂದಳು. ನಿಮ್ಮ ಕಣ್ಣಿನ ವಿಷಯ ಸಾಹೇಬರಿಗೆ ಹೇಳಿದವನು ಅವನೇ ಅಲ್ಲವೇ, ಒಳ್ಳೆಯದಾಗಿದ್ದು ನಮ್ಮ ಪುಣ್ಯ, ಅವನ ಪುಣ್ಯವಲ್ಲ ಎಂದಳು.

ದೊಡ್ಡಪ್ಪ ಕಪ್ಪು ಕನ್ನಡಕ ತೆಗೆದರು.

“ಅವನು ಹೇಳಿದ ಅಂತ ನಿನಗೆ ಯಾರು ಹೇಳಿದ್ದು?”

“ನಾನೇ ಕಣ್ಣಾರೆ ನೋಡಿದೆ.”

“ಕಣ್ಣಾರೆ ನೋಡಿದೆ, ಕಿವಿಯಾರೆ ಕೇಳಿಸ್ಕೊಂಡ್ಯಾ?” ಅವರು ನಿಟ್ಟುಸಿರು ಬಿಟ್ಟರು. “ಅವನು ಸಾಹೇಬರಿಗೆ ಏನು ಹೇಳ್ದ ಗೊತ್ತಾ? ಗೋಡೆ ಪರದೆ ಮೇಲಿನ ಅಕ್ಷರ ತನಗೇ ಕಾಣಿಸ್ತಿಲ್ಲ, ತನ್ನ ಕಣ್ಣು ಅಷ್ಟಕ್ಕಷ್ಟೆ, ಎಲ್ಲರಿಗೂ ಅನುಕೂಲ ಆಗೋ ಹಾಗೆ ಅಕ್ಷರ ದಪ್ಪ ಮಾಡೋ ಗುಂಡಿ ಒಂದು ಇಡಬೇಕು, ಇದನ್ನ ವರದೀಲಿ ಬರೆದಿದ್ದೀನಿ ಅಂತ. ನಿಮಗೂ ಬೇಕೇನ್ರೀ ಅಂತ ಕೇಳೋಕೆ ಸಾಹೇಬ್ರು ನನ್ನ ಕರೆದ್ರು.”

ಹದ್ದಿನ ಕಣ್ಣಿನ ಹುಡುಗ! ಮೂಲೆಯ ಕುರ್ಚಿಯಿಂದಲೇ ಪರದೆಯ ಕೊನೆಯ ಚೌಕ ಓದುತ್ತಿದ್ದವನು!

“ಮೊದಲ ವಾರದಲ್ಲೇ ಅವನಿಗೆ ಗೊತ್ತಾಗಿತ್ತು ಪುಟ್ಟೀ. ಕನ್ನಡಕ ಮನೇಲಿ ಬಿಟ್ಟು ಬಂದೆ, ಇದೇನು ಓದಿ ಹೇಳಪ್ಪಾ ಅಂತ ನಾನು ದಿನಾ ಅಂತಿದ್ದೆ. ಕನ್ನಡಕ ನನ್ನ ಮೂಗಿನ ಮೇಲೇ ಇರ್ತಿತ್ತು. ಅವನು ಒಂದು ದಿನಾನೂ ನಗದೆ ಓದಿ ಹೇಳ್ತಿದ್ದ. ಅವತ್ತು ಆ ಹುಡುಗ ನನಗೋಸ್ಕರ ತಾನು ಕುರುಡ ಅಂತ ಸುಳ್ಳು ಹೇಳ್ತಾ ನಿಂತಿದ್ದ. ಕೇಳ್ಕೊಂಡು ಸುಮ್ನೆ ಕೂರೋಕೆ ನನ್ನ ಕೈಲಿ ಆಗ್ಲಿಲ್ಲ. ನನ್ನ ಕಣ್ಣಿನ ವಿಷಯ ಹೇಳಿದ್ದು ನಾನೇ.”

ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಹಾಕಿದವನಿಗೆ ಏನೂ ಆಗಲ್ಲ, ಅದು ಅಲ್ಲೇ ಉಳಿದುಕೊಳ್ಳುತ್ತೆ, ಆಮೇಲೆ ಪುಟ ತೆಗೆದವರ ಮೇಲೆ ಓಡುತ್ತೆ ಎಂದಿದ್ದನಲ್ಲ. ‘ಬೇಕಂತಲೇ ಬಿಟ್ಟವರು’ ಎಂಬ ಅವನ ಮೊದಲ ದಿನದ ಮಾತನ್ನು ಅವಳು ಎದೆಯಲ್ಲಿ ಹಾಗೆಯೇ ಇಟ್ಟುಕೊಂಡಿದ್ದಳು. ಗಾಜಿನ ಕೋಣೆ ಕಂಡ ಕ್ಷಣ ಅದು ಓಡಿತ್ತು. ಈಗ ಅವಳು ಆಡಿದ ಮಾತು ಯಾವ ಬಾಡಿಗೆ ಕೋಣೆಯಲ್ಲಿ, ಯಾವ ಹೊತ್ತಿನಲ್ಲಿ ಅವನ ಮೇಲೆ ಓಡುತ್ತಿದೆಯೋ... ಕೇಳುವವರು ಯಾರಿದ್ದಾರೆ ಅಲ್ಲಿ?

“ಅಳೋದಾದ್ರೆ ಬೇಗ ಅತ್ತು ಮುಗಿಸು,” ಎಂದರು ದೊಡ್ಡಪ್ಪ, ಅವಳ ತಲೆ ಸವರುತ್ತ. “ಆಮೇಲೆ ಫೋನ್ ಮಾಡು. ಆ ಗುಂಡಿ ಮಾಡಿದ್ಯೋ ಇಲ್ವೋ?”

ಗುಂಡಿಯನ್ನು ಅವಳು ಮಾಡಿರಲಿಲ್ಲ. ವರದಿಯನ್ನೇ ಪೂರ್ತಿ ಓದಿರಲಿಲ್ಲ! ಮರುದಿನ ಓದಿದಳು. ಟಿಪ್ಪಣಿ ಜಾಗದ ದೋಷ ಎಷ್ಟು ಗಂಭೀರವೋ ಅಷ್ಟೇ ಗಂಭೀರವಾಗಿ ಬರೆದಿದ್ದ. ಒಂದು ಗುಂಜಿಯೂ ಕಡಿಮೆ ಮಾಡಿರಲಿಲ್ಲ. ಕೊನೆಯಲ್ಲಿ ಮಾತ್ರ, ನೋಡುಗರು ತಮಗೆ ಬೇಕಾದಂತೆ ಅಕ್ಷರ ಹಿಗ್ಗಿಸಿಕೊಳ್ಳಲು ಒಂದು ಗುಂಡಿ ಇದ್ದರೆ ಇಂಥ ಅಡ್ಡದಾರಿ ಯಾರಿಗೂ ಬೇಕಾಗುವುದಿಲ್ಲ ಎಂದಿತ್ತು. ಯಾರ ಹೆಸರೂ ಇರಲಿಲ್ಲ. ಸುಳ್ಳೂ ಇರಲಿಲ್ಲ, ಚುಚ್ಚೂ ಇರಲಿಲ್ಲ. ಅದನ್ನು ಹಿಡಿದುಕೊಂಡು ಅವಳು ನೇರ ಸಾಹೇಬರ ಬಳಿ ಹೋಗಿ, ಕಾವಲು ತೆಗೆದವಳು ತಾನೇ, ಬೇಕಂತಲೇ ತೆಗೆದದ್ದು ಎಂದು ಒಪ್ಪಿಕೊಂಡಳು. ಅವರು ಬೈದರು. ಬೈಯಬೇಕಾದಷ್ಟೇ ಬೈದು, ಗುಂಡಿ ಬೇಗ ಮಾಡು ಎಂದರು.

ಗುಂಡಿ ತಯಾರಾದ ದಿನ ಅವಳು ಅವನಿಗೆ ಫೋನ್ ಮಾಡಿದಳು. ಕ್ಷಮೆ ಕೇಳಬೇಕೆಂದು ಸಾಲು ಸಾಲು ಯೋಚಿಸಿಟ್ಟಿದ್ದಳು. ಅವನ ‘ಹಲೋ’ ಕೇಳಿದ ಮೇಲೆ ಬಾಯಿಗೆ ಬಂದದ್ದು ಒಂದೇ.

“ಮುಚ್ಚಿದೆ. ಮರುಪರೀಕ್ಷೆಗೆ ಬರ್ತೀರಾ?”

“ಬರ್ತೀನಿ ಮೇಡಮ್.”

ಅವನು ಬಂದಾಗ ಮಧ್ಯಾಹ್ನದ ಊಟದ ಹೊತ್ತು ಹತ್ತಿರವಾಗಿತ್ತು. ಸ್ವಲ್ಪ ಸೊರಗಿದ್ದ. ಅದೇ ಚೀಟಿ ಕೊರಳಲ್ಲಿ. ಮತ್ತೆ ಕೆಲಸಕ್ಕೆ ಬಂದಿದ್ದ ದೊಡ್ಡಪ್ಪ ಅವನನ್ನು ಕಂಡವರೇ, ನಿನ್ನ ಅಂಗಿಯ ಎರಡನೇ ಗುಂಡಿ ಕಿತ್ತುಹೋಗಿದೆ ಎಂದು ದೂರದಿಂದಲೇ ಓದಿ ಹೇಳಿದರು. ಅವನು ಮುಖ ಅರಳಿಸಿ ನಕ್ಕ. ಅವಳ ಕಡೆ ತಿರುಗಿದಾಗ ಆ ನಗು ಎಲ್ಲಿಡಬೇಕೆಂದು ಗೊತ್ತಾಗದೆ ಅರ್ಧಕ್ಕೆ ನಿಂತಿತು.

ಅವಳು ನೇರವಾಗಿ ಹೇಳಿದಳು. “ದೊಡ್ಡಪ್ಪ ಎಲ್ಲಾ ಹೇಳಿದ್ರು. ಅವತ್ತು ನಾನು ಆಡಿದ ಮಾತು ತಪ್ಪು. ನಿಮಗೆ ಎಷ್ಟು ನೋವಾಗಿರುತ್ತೆ ಅಂತ ನೆನೆದ್ರೆ... ನನಗೆ ಊಟ ಸೇರ್ತಿಲ್ಲ.”

“ನೀವು ನಿಮ್ಮವರಿಗೋಸ್ಕರ ಜಗಳ ಆಡಿದ್ರಿ,” ಎಂದ ಅವನು. “ನೋವಾಯ್ತು. ಆದ್ರೆ ನನಗೋಸ್ಕರಾನೂ ಯಾರಾದ್ರೂ ಹಾಗೆ ಜಗಳ ಆಡೋರು ಇದ್ದಿದ್ರೆ ಅಂತಾನೂ ಅನ್ನಿಸ್ತು.”

ಅವಳ ಕಣ್ಣು ತುಂಬಿತು. ಅವನು ಗಡಬಡಿಸಿ, ಕೆಲಸ ಮುಗಿಸೋಣ ಎಂದು ಲ್ಯಾಪ್‌ಟಾಪ್ ತೆರೆದ. ತೆರೆದವನು ಅದನ್ನು ಅವಳ ಕಡೆಗೆ ತಿರುಗಿಸಿದ.

“ಈ ಸಲ ನೀವೇ ಹಾಕಿ. ಮುಚ್ಚಿದ್ದು ನೀವು, ತಟ್ಟಿ ನೋಡೋದೂ ನೀವೇ.”

ಅವಳು ಐದನೇ ಮಹಡಿಯ ಸ್ವಿಚ್ಚಿನ ಟಿಪ್ಪಣಿ ಜಾಗದಲ್ಲಿ, ಅವನ ಬೆರಳಿನಲ್ಲಿ ನೂರು ಸಲ ನೋಡಿದ್ದ ಆ ಸಾಲನ್ನು ಬರೆದಳು. ಕೊನೆಯ ಅಂಕಿಗೆ ಬಂದಾಗ ಅವಳ ಬೆರಳು ಒಂದು ಕ್ಷಣ ತಡೆಯಿತು. ಆಮೇಲೆ ಒತ್ತಿತು. ಉಳಿಸಿದಳು.

ದೊಡ್ಡಪ್ಪ ಗೋಡೆಯ ಪರದೆಯಲ್ಲಿ ಆ ಪುಟ ತೆಗೆದರು.

ಪೆಟ್ಟಿಗೆ ಬರಲಿಲ್ಲ. ಹಸಿರು ಚೌಕಗಳು ತಮ್ಮ ಪಾಡಿಗೆ ಮಿನುಗುತ್ತಿದ್ದವು. ಅವಳು ಬರೆದ ಸಾಲು ಪುಟದ ಮೂಲೆಯಲ್ಲಿ, ಹಲ್ಲು ಕಿತ್ತ ಹಾವಿನಂತೆ, ಬರೀ ಸಣ್ಣ ಅಕ್ಷರಗಳಾಗಿ ತೆಪ್ಪಗೆ ಬಿದ್ದಿತ್ತು.

“ಮುಚ್ಚಿದೆ,” ಎಂದ ಅವನು. ಅವನ ದನಿಯಲ್ಲಿ ಹೆಮ್ಮೆಯಿತ್ತು, ತನ್ನ ಮೇಲಲ್ಲ.

“ತಡೀರಿ, ತಡೀರಿ, ನನ್ನ ಗುಂಡಿ ಒತ್ತಿ ನೋಡ್ತೀನಿ,” ಎಂದು ದೊಡ್ಡಪ್ಪ ಹೊಸ ‘ದಪ್ಪಕ್ಷರ’ ಗುಂಡಿ ಒತ್ತಿದರು. ಕಣ್ಣು ಸರಿಹೋದ ಮೇಲೂ ಆ ಚಟ ಬಿಟ್ಟಿರಲಿಲ್ಲ. ಆ ಸಾಲು ಕೋಣೆಯ ತುದಿಗೂ ಕಾಣುವಷ್ಟು ಹಿಗ್ಗಿತು. ಅವರು ಬೆರಳು ತೋರಿಸುತ್ತ ಓದತೊಡಗಿದರು. ಕೊನೆಗೆ ಬಂದು ನಿಂತರು.

“ಎರಡು... ಎರಡೇ ತಾನೇ ಅದು? ಡಾಕ್ಟರಮ್ಮ ಕಣ್ಣು ಸರಿಯಾಗಿ ಮಾಡಿದ್ದಾರೆ ತಾನೇ? ಇವನು ಯಾವಾಗ್ಲೂ ಒಂದು ಹಾಕ್ತಿದ್ದ.”

ಅವನು ಪರದೆ ನೋಡಿದ. ಅವಳನ್ನು ನೋಡಿದ. ಅವಳು ತನ್ನ ಉಗುರು ನೋಡಿಕೊಳ್ಳುತ್ತಿದ್ದಳು.

ದೊಡ್ಡಪ್ಪ ಇಬ್ಬರನ್ನೂ ನೋಡಿದರು. ಹೊಸ ಕಣ್ಣಿಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತು. 

“ನನ್ನ ಔಷಧಿ ಹನಿ ಹಾಕೋ ಹೊತ್ತಾಯ್ತು,” ಎಂದು ಯಾರಿಗೂ ಹೇಳದಂತೆ ಹೇಳಿ ಬಾಗಿಲು ಎಳೆದುಕೊಂಡು ಹೋದರು.

“ಎರಡು ಯಾಕೆ?” ಎಂದ ಅವನು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

“ಒಂದು ಹಾಕಿ ಹಾಕಿ ನಿಮಗೆ ಸಾಕಾಗಿರಬೇಕು ಅನ್ನಿಸ್ತು... ನನಗೂ ಸಾಕಾಗಿದೆ.”

ಅಭ್ಯಾಸಬಲದಿಂದ ಅವನ ಕೈ ಲ್ಯಾಪ್‌ಟಾಪಿನ ಕಡೆ ಹೋಯಿತು, ಆ ಸಾಲನ್ನು ಅಳಿಸಲು.

“ಪರೀಕ್ಷೆಗೆ ಹಾಕಿದ್ದನ್ನ ಹೋಗೋ ಮುಂಚೆ ತೆಗೀಬೇಕು,” ಎಂದು ತೊದಲಿದ.

ಅವಳು ಅವನ ಕೈಯ ಮೇಲೆ ಕೈಯಿಟ್ಟಳು.

“ಇದು ಪರೀಕ್ಷೆಗೆ ಹಾಕಿದ್ದಲ್ಲ.”

ಆ ಕೈ ಅಲ್ಲಿಯೇ ಉಳಿಯಿತು. ಇಬ್ಬರಿಗೂ ಅದನ್ನು ತೆಗೆಯುವ ಅವಸರವಿರಲಿಲ್ಲ.

“ವರದಿ ಕೊಟ್ಟಾದ ಮೇಲೆ ಹೇಳ್ತೀನಿ ಅಂದಿದ್ರಿ,” ಎಂದಳು ಅವಳು. “ಕೊಟ್ಟು ಎಷ್ಟು ದಿನ ಆಯ್ತು?”

“ಹೇಳೋಕೆ ಏನುಳಿದಿದೆ... ಮೆಟ್ಟಿಲ ಮೇಲೇ ಬಾಯ್ತಪ್ಪಿ ಹೇಳಿಬಿಟ್ಟಿದ್ದೆ.”

“ಬಾಯ್ತಪ್ಪಿ ಹೇಳಿದ್ದು ಲೆಕ್ಕಕ್ಕಿಲ್ಲ.”

ಅವನು ಮೊದಲ ದಿನದಂತೆ ಅತ್ತಿತ್ತ ಓಡದ ಕಣ್ಣುಗಳಿಂದ ಅವಳನ್ನೇ ನೋಡುತ್ತ, “ನಿಮ್ಮನ್ನ ಪ್ರೀತಿಸ್ತೀನಿ,” ಎಂದ. “ಮೊದಲನೇ ದಿನ ಚಹಾ ಕಪ್ ಹಿಡ್ಕೊಂಡು ಬೈಯೋಕೆ ಬಂದ್ರಲ್ಲ, ಅವತ್ತಿಂದ.”

“ಕೈಯಲ್ಲಿ ಕಪ್ ಇರಲಿಲ್ಲ.”

“ಇತ್ತು. ನೀಲಿ ಕಪ್. ದೊಡ್ಡಪ್ಪನ ಕೀಬೋರ್ಡ್ ಮೇಲೆ ಇಟ್ರಿ.”

ಅವಳು ಅಳುತ್ತಲೇ ನಕ್ಕಳು. ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಅಕ್ಕ. ಅವನು ಒಂದೇ ಕೈಯಲ್ಲಿ ಫೋನ್ ಎತ್ತಿದ. ಇನ್ನೊಂದು ಕೈ ಬಿಡುವಾಗಿರಲಿಲ್ಲ.

ಊಟ ಆಯ್ತಾ ಎಂದು ಆ ಕಡೆಯಿಂದ ಎಂದಿನ ಪ್ರಶ್ನೆ ಬಂತು.

“ಇಲ್ಲ ಅಕ್ಕ, ಇನ್ನೂ ಇಲ್ಲ,” ಎಂದ ಅವನು ಮೊದಲ ಬಾರಿಗೆ ನಿಜ ಹೇಳುತ್ತ. “ಈಗ ಕೂರ್ತಾ ಇದ್ದೀವಿ.”

ಅಕ್ಕನ ದನಿ ಅವಳಿಗೂ ಕೇಳುವಷ್ಟು ಜೋರಾಗಿ ಬಂತು. “ಇದ್ದೀವಿ ಅಂದ್ರೆ? ಯಾರೋ ಅದು?”

ಅವನು ಬಾಯಿ ತೆರೆಯುವ ಮೊದಲೇ ಅವಳು ಡಬ್ಬಿಯ ಮುಚ್ಚಳ ತೆಗೆದು, ದೊಡ್ಡಮ್ಮ ಸೇರಿಸಿ ಕಳಿಸಿದ್ದ ಅಂತಸ್ತನ್ನು ಅವನ ಮುಂದಿಟ್ಟು, ಫೋನಿಗೆ ಕೈ ಚಾಚಿದಳು.

“ಕೊಡು ಇಲ್ಲಿ,” ಎಂದಳು. “ನಾನೇ ಹೇಳ್ತೀನಿ.”